ಗೋಡೆಯೊಳಗಿನ ತೇವ, ಲೆಕ್ಕದೊಳಗಿನ ನಷ್ಟ

ಮಾರ್ಚ್ 31ರಂದು ದಾಸ್ತಾನು ಎಣಿಸುವಾಗ ಗೋದಾಮಿನ ನಡುಭಾಗದ ಚೀಲಗಳನ್ನು ಎಣಿಸುವುದು ಸುಲಭ. ಗೋಡೆಗೆ ಅಂಟಿಕೊಂಡ ಕೊನೆಯ ಸಾಲನ್ನು, ಅದರಲ್ಲಿಯೂ ನೆಲಕ್ಕೆ ತಾಗಿದ ಚೀಲಗಳನ್ನು ನೋಡಬೇಕಾದರೆ ಹಮಾಲರು ಮೇಲಿನ ಸಾಲುಗಳನ್ನೆಲ್ಲ ಇಳಿಸಬೇಕಾಗುತ್ತದೆ. ಹಾಗೆ ಇಳಿಸಿದಾಗ ಕೆಲವು ಚೀಲಗಳ ತಳ ಕಪ್ಪಾಗಿರುವುದು, ತೊಗರಿ ಗಡ್ಡೆಕಟ್ಟಿರುವುದು, ಮುಗ್ಗಲು ವಾಸನೆ ಹೊಡೆಯುವುದು ಕಂಡುಬರುತ್ತದೆ. ಬೀದರಿನ ಗಾಂಧಿ ಗಂಜಿನಲ್ಲಾಗಲಿ, ಭಾಲ್ಕಿ, ಔರಾದಗಳ ಮಾರುಕಟ್ಟೆಯಲ್ಲಾಗಲಿ ಧಾನ್ಯ ದಾಸ್ತಾನು ಮಾಡುವ ವರ್ತಕರಿಗೆ ಇದು ಹೊಸ ಸಂಗತಿಯಲ್ಲ.

ಈ ನಷ್ಟಕ್ಕೆ ಲೆಕ್ಕದ ಪುಸ್ತಕದಲ್ಲಿ ಪ್ರತ್ಯೇಕ ಖಾತೆ ಇರುವುದಿಲ್ಲ ಎಂಬುದೇ ಇಲ್ಲಿನ ತೊಡಕು. ಹಸಿಯಾದ ಕಾಳನ್ನು ಅಂಗಳದಲ್ಲಿ ಹರಡಿ ಒಣಗಿಸಿ, ಕ್ವಿಂಟಲಿಗೆ ಕೆಲವು ನೂರು ರೂಪಾಯಿ ಕಡಿಮೆ ದರಕ್ಕೆ ಮಾರಲಾಗುತ್ತದೆ. ಆ ವ್ಯತ್ಯಾಸ ಮಾರಾಟ ಖಾತೆಯಲ್ಲಿ ಕರಗಿಹೋಗುತ್ತದೆ. ಒಣಗಿಸಿದ ಕೂಲಿ ಹಮಾಲಿ ಖರ್ಚಿನಲ್ಲಿ ಸೇರುತ್ತದೆ. ಗೋಡೆಗೆ ವರ್ಷವರ್ಷವೂ ಬಳಿಯುವ ಬಣ್ಣ ಕಟ್ಟಡ ದುರಸ್ತಿಯ ಖಾತೆಗೆ ಹೋಗುತ್ತದೆ. ಒಂದೇ ಕಾರಣದಿಂದ ಆದ ನಷ್ಟ ಮೂರು ಕಡೆ ಹಂಚಿಹೋಗುವುದರಿಂದ ಅದರ ಒಟ್ಟು ಮೊತ್ತ ಮಾಲೀಕರ ಕಣ್ಣಿಗೆ ಬೀಳುವುದೇ ಇಲ್ಲ. ಅಷ್ಟೇ ಅಲ್ಲ, ದಾಸ್ತಾನನ್ನು ಕೊಂಡ ಬೆಲೆ ಅಥವಾ ಮಾರಿದರೆ ಕೈಗೆ ಬರುವ ನಿವ್ವಳ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಆ ದರಕ್ಕೆ ತೋರಿಸಬೇಕೆಂಬುದು ಲೆಕ್ಕಶಾಸ್ತ್ರದ ಮೂಲ ನಿಯಮ. ಹಾಳಾದ ಚೀಲಗಳನ್ನು ಒಳ್ಳೆಯ ಚೀಲಗಳ ದರಕ್ಕೇ ಬರೆದರೆ ಲಾಭವೂ ತಪ್ಪು, ಬ್ಯಾಂಕಿಗೆ ಕೊಡುವ ದಾಸ್ತಾನು ವಿವರಪಟ್ಟಿಯೂ ತಪ್ಪು, ಅದನ್ನು ಆಧರಿಸಿದ ಡ್ರಾಯಿಂಗ್ ಪವರ್ ಕೂಡ ತಪ್ಪು. ವಿಮೆಯಿಂದಲೂ ಪರಿಹಾರ ನಿರೀಕ್ಷಿಸುವಂತಿಲ್ಲ. ಬೆಂಕಿ ವಿಮೆಯ ಪಾಲಿಸಿಗಳು ಹೆಸರಿಸಿದ ಆಕಸ್ಮಿಕ ಅಪಾಯಗಳಿಗೆ ಮಾತ್ರ ಹಣ ಕೊಡುತ್ತವೆ. ತಿಂಗಳುಗಟ್ಟಲೆ ನಿಧಾನವಾಗಿ ಗೋಡೆ ಏರುವ ತೇವ ಆ ಪಟ್ಟಿಯಲ್ಲಿಲ್ಲ.

ಗೋಡೆಯನ್ನು ಒಡೆಯದೆ, ಗಿಲಾವು ಕೀಳದೆ ತೇವದ ಜಾಡನ್ನು ಹಿಡಿಯಲು ಥರ್ಮೋಗ್ರಫಿ ಎಂದು ಕರೆಯಲಾಗುವ ಅವಕೆಂಪು ಉಷ್ಣಚಿತ್ರಣ ವಿಧಾನವು ಈಗ ಸಣ್ಣ ಉದ್ಯಮಗಳ ಕೈಗೆಟುಕುವಂತಾಗಿದೆ. ಆದರೆ ಈ ಕ್ಯಾಮೆರಾ ನೀರನ್ನು ನೋಡುವುದಿಲ್ಲ, ಮೇಲ್ಮೈಯ ಉಷ್ಣಾಂಶವನ್ನು ಮಾತ್ರ ನೋಡುತ್ತದೆ. ಈ ಒಂದು ಸಂಗತಿಯನ್ನು ಅರಿತವರಿಗೆ ಅದು ಉಪಯುಕ್ತ ಸಾಧನ. ಅರಿಯದವರಿಗೆ ಬಣ್ಣದ ಚಿತ್ರಗಳಿಗೆ ತೆತ್ತ ದಂಡ.

ಕೆಂಪು ಕಲ್ಲು, ಎರೆ ಮಣ್ಣು, ತಗಡು

ತೇವ ಎಲ್ಲಿಂದ ಬರುತ್ತದೆ ಎಂಬುದು ಜಿಲ್ಲೆಯ ನೆಲದ ಗುಣವನ್ನು ಅವಲಂಬಿಸಿದೆ. ಬೀದರ ನಗರವು ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ ನಿಂತಿದೆ. ಈ ಕಲ್ಲು ತೂತುತೂತಾದದ್ದು. ಮಳೆಯ ನೀರು ಅದರ ಮೂಲಕ ಇಳಿದು, ಕೆಳಗಿನ ನೀರು ಇಳಿಯದ ಪದರವನ್ನು ತಲುಪಿ, ಅಡ್ಡಲಾಗಿ ಹರಿದು ಪ್ರಸ್ಥಭೂಮಿಯ ಅಂಚಿನಲ್ಲಿ ಒರತೆಯಾಗಿ ಹೊರಬೀಳುತ್ತದೆ. ನಾನಕ್ ಝೀರಾದ ಒರತೆ ಜಂಬಿಟ್ಟಿಗೆಯಿಂದಲೇ ಹೊರಡುವಂಥದು. ಬಹಮನಿಗಳ ಕಾಲದಲ್ಲಿ ನೌಬಾದಿನ ಬಳಿ ತೋಡಿದ ಕರೇಜ್ ಸುರಂಗವೂ ಕಲ್ಲಿನ ಇದೇ ಗುಣವನ್ನು ದುಡಿಸಿಕೊಂಡಿದೆ. ನಗರಕ್ಕೆ ಕುಡಿಯುವ ನೀರು ಕೊಟ್ಟ ಗುಣವೇ ಹಳೆಯ ಅಂಗಡಿ, ಗೋದಾಮುಗಳ ಗೋಡೆಯಲ್ಲಿ ದೋಷವಾಗಿ ಪರಿಣಮಿಸುತ್ತದೆ. ಹಳೆಯ ಗೋಡೆಗಳಿಗೆ ಸುಣ್ಣದ ಗಾರೆ ಇದ್ದಾಗ ಹೀರಿದ ನೀರು ಬೇಸಿಗೆಯಲ್ಲಿ ಆವಿಯಾಗಿ ಹೊರಹೋಗುತ್ತಿತ್ತು. ಮೇಲೆ ಸಿಮೆಂಟ್ ಗಿಲಾವು, ಅದರ ಮೇಲೆ ಎಣ್ಣೆ ಬಣ್ಣ ಬಳಿದ ನಂತರ ಅದಕ್ಕೆ ಹೊರದಾರಿ ಇಲ್ಲವಾಯಿತು. ನೀರು ಒಳಗೇ ನಿಂತು ಮೇಲಕ್ಕೆ ಏರತೊಡಗಿತು. ಹೊರನೋಟಕ್ಕೆ ಗೋಡೆ ಒಣಗಿದಂತೆಯೇ ಕಾಣುತ್ತದೆ.

ಭಾಲ್ಕಿ ಮತ್ತು ಔರಾದ ತಾಲ್ಲೂಕುಗಳದು ಬೇರೆ ಕಥೆ. ಅಲ್ಲಿ ಹೆಚ್ಚಾಗಿ ಕಪ್ಪು ಎರೆ ಭೂಮಿ, ಕೆಳಗೆ ಕಪ್ಪು ಬಸಾಲ್ಟ್ ಶಿಲೆ. ಎರೆ ಮಣ್ಣು ಮಳೆಗಾಲದಲ್ಲಿ ನೀರುಂಡು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕುಬಿಡುತ್ತದೆ. ಹೀಗೆ ಉಬ್ಬಿ ಕುಗ್ಗುವ ನೆಲದ ಮೇಲೆ ಹಾಕಿದ ಗೋದಾಮಿನ ಹಾಸು ಸಣ್ಣ ಸೀಳುಗಳನ್ನು ಬಿಡುತ್ತದೆ. ಆ ಸೀಳುಗಳಿಂದ ಮಳೆಗಾಲ ಮುಗಿದು ಎರಡು ತಿಂಗಳಾದ ಮೇಲೆಯೂ ತೇವ ಮೇಲೇರುತ್ತಿರುತ್ತದೆ. ಮಣ್ಣು ನೀರನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ ಎಂಬುದು ಹಿಂಗಾರಿ ಕಡಲೆ, ಜೋಳ ಬೆಳೆಯುವ ರೈತನಿಗೆ ವರ. ಗೋದಾಮಿನ ಮಾಲೀಕನಿಗೆ ಶಾಪ.

ಮೂರನೆಯದು ತಗಡಿನ ಚಾವಣಿ. ಸೋಯಾಬೀನ್ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬರುತ್ತದೆ, ತೊಗರಿ ಡಿಸೆಂಬರ್–ಜನವರಿಯಲ್ಲಿ. ಹೊಸ ಕಾಳು ಉಸಿರಾಡುತ್ತಾ ಗೋದಾಮಿನ ಗಾಳಿಗೆ ತೇವ ಬಿಡುತ್ತಿರುವ ಕಾಲಕ್ಕೆ ಸರಿಯಾಗಿ ಚಳಿಗಾಲದ ಮೋಡವಿಲ್ಲದ ರಾತ್ರಿಗಳು ಬರುತ್ತವೆ. ತಗಡು ಆಕಾಶದತ್ತ ತನ್ನ ಶಾಖವನ್ನು ಬಿಟ್ಟುಕೊಟ್ಟು ಹೊರಗಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಒಳಗಿನ ಗಾಳಿ 20 ಡಿಗ್ರಿ ಸೆಲ್ಸಿಯಸ್ ಇದ್ದು ಆರ್ದ್ರತೆ ಶೇ. 75 ಇದ್ದರೆ, ಸುಮಾರು 15 ಡಿಗ್ರಿಗಿಂತ ತಣ್ಣಗಿನ ಯಾವ ಮೇಲ್ಮೈಯ ಮೇಲಾದರೂ ನೀರಿನ ಹನಿ ಕಟ್ಟುತ್ತದೆ. ಬೆಳಗಿನ ಜಾವ ತಗಡಿನ ತಳದಿಂದ ಹನಿ ಚೀಲಗಳ ಮೇಲೆ ತೊಟ್ಟಿಕ್ಕುತ್ತದೆ. ಇದನ್ನು ಸೋರಿಕೆಯೆಂದು ಭಾವಿಸಿ ತಗಡಿನ ಮೊಳೆಗಳಿಗೆಲ್ಲ ಡಾಂಬರು ಹಚ್ಚಿಸಿದರೆ ಹಣ ವ್ಯರ್ಥವೇ ಸರಿ. ಮಳೆಯೇ ಬಾರದ ಡಿಸೆಂಬರಿನಲ್ಲಿ ಚಾವಣಿ ಸೋರುವುದು ಹೇಗೆಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಕ್ಯಾಮೆರಾ ನೋಡುವುದೇನನ್ನು

1800ರಲ್ಲಿ ಖಗೋಳಜ್ಞ ವಿಲಿಯಂ ಹರ್ಷೆಲ್ ಪಟ್ಟಕದಿಂದ ಬಿಸಿಲನ್ನು ಏಳು ಬಣ್ಣಗಳಾಗಿ ಬಿಡಿಸಿ, ಕೆಂಪಿನ ಆಚೆಗೆ, ಕಣ್ಣಿಗೆ ಏನೂ ಕಾಣದ ಜಾಗದಲ್ಲಿ ಉಷ್ಣಮಾಪಕ ಇಟ್ಟಾಗ ಪಾದರಸ ಮೇಲೇರಿತು. ಅವಕೆಂಪು ಕಿರಣ ಪತ್ತೆಯಾದದ್ದು ಹೀಗೆ. ಗೋಡೆ, ಚೀಲ, ಮನುಷ್ಯ, ತಗಡು, ಎಲ್ಲ ವಸ್ತುಗಳೂ ತಮ್ಮ ಉಷ್ಣಾಂಶಕ್ಕೆ ತಕ್ಕಷ್ಟು ಈ ಕಿರಣವನ್ನು ಸದಾ ಸೂಸುತ್ತಿರುತ್ತವೆ. ಕಟ್ಟಡ ಪರೀಕ್ಷೆಯ ಕ್ಯಾಮೆರಾ ಸುಮಾರು 7.5ರಿಂದ 14 ಮೈಕ್ರಾನ್ ತರಂಗದೂರದ ಕಿರಣಗಳನ್ನು ಹಿಡಿದು, ಪ್ರತಿಯೊಂದು ಚುಕ್ಕೆಯ ಉಷ್ಣಾಂಶವನ್ನು ಲೆಕ್ಕಹಾಕಿ ಬಣ್ಣದ ಚಿತ್ರವಾಗಿಸುತ್ತದೆ. ಒಳ್ಳೆಯ ಸಾಧನವು ಒಂದು ಡಿಗ್ರಿಯ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ ವ್ಯತ್ಯಾಸವನ್ನೂ ಗುರುತಿಸಬಲ್ಲದು.

ತೇವವು ಈ ಚಿತ್ರದಲ್ಲಿ ಎರಡು ಬಗೆಯಾಗಿ ತನ್ನನ್ನು ತೋರಿಸಿಕೊಳ್ಳುತ್ತದೆ. ಮೊದಲನೆಯದು ಆವಿಯಾಗುವಿಕೆ. ಮಣ್ಣಿನ ಹರವಿಯಲ್ಲಿ ನೀರು ತಣ್ಣಗಾಗುವ ಕಾರಣವೇ ಇದು. ಒಂದು ಕಿಲೋ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು; ಗೋಡೆಯ ನೀರು ಆ ಶಾಖವನ್ನು ಗೋಡೆಯಿಂದಲೇ ಎಳೆದುಕೊಳ್ಳುವುದರಿಂದ ಹಸಿ ಜಾಗವು ಸುತ್ತಲಿನ ಒಣ ಜಾಗಕ್ಕಿಂತ ಒಂದೆರಡು ಡಿಗ್ರಿ ತಣ್ಣಗೆ ಕಾಣುತ್ತದೆ. ಎರಡನೆಯದು ಶಾಖ ಹಿಡಿದಿಡುವ ಗುಣ. ತೂಕಕ್ಕೆ ತೂಕ ನೋಡಿದರೆ ನೀರು, ಕಲ್ಲು ಅಥವಾ ಕಾಂಕ್ರೀಟಿಗಿಂತ ನಾಲ್ಕೈದು ಪಟ್ಟು ಹೆಚ್ಚು ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ನೀರುಂಡ ಭಾಗ ಬೆಳಿಗ್ಗೆ ತಡವಾಗಿ ಕಾಯುತ್ತದೆ, ಸಂಜೆ ತಡವಾಗಿ ಆರುತ್ತದೆ. ಕಾಂಕ್ರೀಟ್ ಚಾವಣಿಯ ಒಳಗೆ ನೀರು ನಿಂತಿದ್ದರೆ ಅದೇ ಜಾಗ ಬೆಳಿಗ್ಗೆ ಹತ್ತು ಗಂಟೆಗೆ ತಂಪಾಗಿಯೂ ರಾತ್ರಿ ಎಂಟು ಗಂಟೆಗೆ ಬೆಚ್ಚಗೂ ಕಾಣುವುದು ಈ ಕಾರಣಕ್ಕೆ. ನಡುವೆ, ಎರಡೂ ಭಾಗಗಳ ಉಷ್ಣಾಂಶ ಸಮವಾಗುವ ಒಂದು ಹೊತ್ತು ಇರುತ್ತದೆ. ಆ ಹೊತ್ತಿನಲ್ಲಿ ತೆಗೆದ ಚಿತ್ರದಲ್ಲಿ ಏನೂ ಕಾಣುವುದಿಲ್ಲ. ಪರೀಕ್ಷಕರು ಕಟ್ಟಡಕ್ಕೆ ಯಾವ ದೋಷವೂ ಇಲ್ಲವೆಂದು ಬರೆದುಕೊಟ್ಟು ಹೋಗುತ್ತಾರೆ.

ಹೀಗಾಗಿ ಪರೀಕ್ಷೆಗೆ ಯಾವ ಕ್ಯಾಮೆರಾ ಎಂಬುದಕ್ಕಿಂತ ಯಾವ ಹೊತ್ತು ಎಂಬುದು ಮುಖ್ಯ. ಚಾವಣಿಗೆ ಒಳ್ಳೆಯ ಬಿಸಿಲು ಬಿದ್ದ ದಿನ, ಸೂರ್ಯ ಮುಳುಗಿ ಒಂದೆರಡು ಗಂಟೆಯಾದ ಮೇಲೆ, ಗಾಳಿ ಜೋರಾಗಿಲ್ಲದಾಗ, ಕನಿಷ್ಠ 24 ಗಂಟೆ ಮಳೆಯಾಗದೆ ಮೇಲ್ಮೈ ಒಣಗಿದ್ದಾಗ ನೋಡಬೇಕು. ಬೀದರಿನ ಮಟ್ಟಿಗೆ ಮಳೆ ಹಿಂದೆ ಸರಿದು ಬಿಸಿಲು ಬೀಳುವ ಅಕ್ಟೋಬರ್ ಕೊನೆ ಹಾಗೂ ನವೆಂಬರ್ ಇದಕ್ಕೆ ಪ್ರಶಸ್ತ. ಗೋಡೆಯೊಳಗೆ ಮಳೆಗಾಲದ ನೀರು ಇನ್ನೂ ಉಳಿದಿರುತ್ತದೆ, ಹಗಲು–ರಾತ್ರಿಯ ಅಂತರವೂ ಸಾಕಷ್ಟಿರುತ್ತದೆ. ಸೋಯಾ ಬಂದಿರುತ್ತದೆ, ತೊಗರಿ ಇನ್ನೂ ಬಂದಿರುವುದಿಲ್ಲವಾದ್ದರಿಂದ ಗೋಡೆಯಿಂದ ಚೀಲ ಸರಿಸಲು ಜಾಗವೂ ಸಿಗುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಹಸಿ ಹುಡುಕಹೊರಟರೆ ಗೋಡೆಯ ಮೇಲ್ಪದರ ಒಣಗಿರುವುದರಿಂದ ಆವಿಯಾಗುವ ತಂಪು ಸಿಗುವುದು ಕಷ್ಟ. ಚಾವಣಿಯಿಂದ ಒಳಬರುವ ಶಾಖವನ್ನು ಅಳೆಯುವುದಾದರೆ ಮಾತ್ರ ಮೇ ತಿಂಗಳ ಮಧ್ಯಾಹ್ನ ತಕ್ಕದ್ದು.

ಚಿತ್ರದ ಆಕಾರವೂ ಮಾತನಾಡುತ್ತದೆ. ನೆಲದಿಂದ ಎರಡು–ಮೂರು ಅಡಿಯವರೆಗೆ ಗೋಡೆಯುದ್ದಕ್ಕೂ ಒಂದೇ ಎತ್ತರದ ತಣ್ಣನೆಯ ಪಟ್ಟಿ ಇದ್ದರೆ ತೇವ ತಳಪಾಯದಿಂದ ಏರುತ್ತಿದೆ. ಒಂದೆಡೆ ಹುಟ್ಟಿ ಕೆಳಕ್ಕೆ ಬೀಸಣಿಗೆಯಂತೆ ಹರಡಿದ ಕಲೆ ಇದ್ದರೆ ಕೊಳವೆಯನ್ನೋ ಚಾವಣಿ–ಗೋಡೆ ಕೂಡುವ ಜಾಗವನ್ನೋ ಸಂಶಯಿಸಬೇಕು. ಮೂಲೆಗಳಲ್ಲಿ, ಚೀಲಗಳ ಹಿಂದೆ, ಗಾಳಿಯಾಡದ ಕಡೆ ಮಾತ್ರ ತಂಪಿದ್ದರೆ ಅದು ಗಾಳಿಯ ತೇವ ಹನಿಗಟ್ಟಿದ್ದಿರಬಹುದು. ಮೂರಕ್ಕೂ ಪರಿಹಾರ ಬೇರೆಬೇರೆ, ಖರ್ಚೂ ಬೇರೆಬೇರೆ.

ಚಿತ್ರ ಮೋಸ ಮಾಡುವ ಬಗೆ

ಮೊದಲ ಮೋಸ ತಗಡಿನದು. ಗಿಲಾವು, ಇಟ್ಟಿಗೆ, ಬಣ್ಣ ಬಳಿದ ಗೋಡೆ, ಸಿಮೆಂಟ್ ಶೀಟು ಇವು ತಮ್ಮ ಉಷ್ಣಾಂಶಕ್ಕೆ ತಕ್ಕ ಕಿರಣದ ಶೇ. 90ರಷ್ಟನ್ನಾದರೂ ಸೂಸುತ್ತವೆ. ಹೊಳೆಯುವ ಹೊಸ ತಗಡು ಹಾಗಲ್ಲ. ಅದು ಅವಕೆಂಪು ಕಿರಣಕ್ಕೆ ಕನ್ನಡಿಯಂತೆ ವರ್ತಿಸುತ್ತದೆ. ಹೊರಗಿನಿಂದ ನೋಡಿದರೆ ಅದರಲ್ಲಿ ಕಾಣುವುದು ಆಕಾಶದ ತಂಪು; ಒಳಗಿನಿಂದ ನೋಡಿದರೆ ಕ್ಯಾಮೆರಾ ಹಿಡಿದವರ ಮೈಯ ಬಿಸಿ. ಎಲೆಕ್ಟ್ರಿಷಿಯನ್ನರು ಬಳಸುವ ಕಪ್ಪು ಟೇಪಿನ ತುಂಡೊಂದನ್ನು ತಗಡಿಗೆ ಅಂಟಿಸಿ, ಸ್ವಲ್ಪ ಹೊತ್ತು ಬಿಟ್ಟು, ಆ ಟೇಪಿನ ಉಷ್ಣಾಂಶವನ್ನು ಅಳೆದರೆ ನಿಜ ತಿಳಿಯುತ್ತದೆ. ತುಕ್ಕು ಹಿಡಿದ ಹಳೆಯ ತಗಡಿನಲ್ಲಿ ಈ ತೊಂದರೆ ಕಡಿಮೆ. ತುಕ್ಕಿನಿಂದ ಆಗುವ ಏಕೈಕ ಉಪಕಾರ ಇದಿರಬಹುದು.

ಎರಡನೆಯ ಮೋಸ ಬಣ್ಣದ್ದು. ಚಿತ್ರದಲ್ಲಿ ಕೆಂಪು, ನೀಲಿ ಎಂಬವು ನಿಜವಾದ ಬಣ್ಣಗಳಲ್ಲ, ಕ್ಯಾಮೆರಾ ಹಚ್ಚಿದವು. ಪ್ರತಿ ಚಿತ್ರದ ಅತಿ ತಂಪು–ಅತಿ ಬಿಸಿಗಳ ನಡುವೆ ಬಣ್ಣಗಳನ್ನು ತಾನಾಗಿಯೇ ಹಂಚುವಂತೆ ಬಿಟ್ಟರೆ, ಒಂದು ಡಿಗ್ರಿ ವ್ಯತ್ಯಾಸವಿರುವ ಸುಸ್ಥಿತಿಯ ಗೋಡೆಯೂ ಕಡು ನೀಲಿ–ಕಡು ಕೆಂಪಾಗಿ ಕಾಣುತ್ತದೆ. ಜಲನಿರೋಧಕ ರಾಸಾಯನಿಕ ಮಾರುವವರು ತಾವೇ ಕ್ಯಾಮೆರಾ ತಂದು ಉಚಿತವಾಗಿ ಪರೀಕ್ಷೆ ಮಾಡಿಕೊಡುವೆವೆಂದಾಗ ಈ ಅಂಶ ನೆನಪಿರಬೇಕು. ಒಂದು ಗೋಡೆಯ ಎಲ್ಲ ಚಿತ್ರಗಳಿಗೂ ಒಂದೇ ಅಳತೆಪಟ್ಟಿ ಇರಬೇಕು, ಪಕ್ಕದಲ್ಲಿ ಡಿಗ್ರಿಗಳು ಮುದ್ರಿತವಾಗಿರಬೇಕು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ತಂಪಾಗಿರುವ ಜಾಗವೆಲ್ಲ ಹಸಿಯಲ್ಲ. ಗೋಡೆಯೊಳಗಿನ ಕಾಂಕ್ರೀಟ್ ಕಂಬ, ನೆರಳು ಬಿದ್ದಿದ್ದ ಜಾಗ, ಈಚೆಗೆ ಚೀಲ ಸರಿಸಿದ ಜಾಗ ಇವೂ ಬೇರೆಯಾಗಿಯೇ ಕಾಣುತ್ತವೆ. ಕ್ಯಾಮೆರಾ ಸಂಶಯವನ್ನು ತೋರಿಸುತ್ತದೆ. ಸಾಕ್ಷ್ಯ ಹೇಳುವುದು ತೇವಮಾಪಕ. ಎರಡು ಸೂಜಿಗಳ ಆ ಚಿಕ್ಕ ಉಪಕರಣವನ್ನು ಸಂಶಯದ ಜಾಗದಲ್ಲಿಯೂ ಪಕ್ಕದ ಒಣ ಜಾಗದಲ್ಲಿಯೂ ಊರಿ ಎರಡೂ ಅಂಕಿಗಳನ್ನು ಬರೆದುಕೊಳ್ಳಬೇಕು. ಉಪ್ಪು ಹೊಮ್ಮಿ ಬಿಳಿ ಪದರ ಕಟ್ಟಿದ ಗೋಡೆಯಲ್ಲಿ ಇದೂ ಹೆಚ್ಚು ತೋರಿಸುವುದುಂಟು. ಅಲ್ಲಿ ಸ್ವಲ್ಪ ಗಿಲಾವು ಕೊರೆದು, ತೂಗಿ, ಒಣಗಿಸಿ, ಮತ್ತೆ ತೂಗುವುದೇ ಕೊನೆಯ ಮಾತು. ಕಾಳಿನ ತೇವವನ್ನು ಪ್ರಯೋಗಾಲಯದಲ್ಲಿ ಅಳೆಯುವುದೂ ಇದೇ ತತ್ತ್ವದ ಮೇಲೆ ಎಂಬುದನ್ನು ಧಾನ್ಯ ವರ್ತಕರು ಬಲ್ಲರು.

ನೆಲದ ವಿಷಯದಲ್ಲಿ ಕ್ಯಾಮೆರಾಕ್ಕೂ ಮುಂಚೆ ಮಾಡಬಹುದಾದ ಪರೀಕ್ಷೆಯೊಂದಿದೆ. ಅದಕ್ಕೆ ಖರ್ಚು ಹತ್ತು ರೂಪಾಯಿ. ಎರಡಡಿ ಚೌಕದ ಪಾಲಿಥಿನ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ನೆಲಕ್ಕೆ ಅಂಟಿಸಿ, ಒಂದು ದಿನ ಬಿಡಬೇಕು. ಹಾಳೆಯ ಕೆಳಗೆ ಹನಿಗಟ್ಟಿದ್ದರೆ ತೇವ ನೆಲದಿಂದ ಬರುತ್ತಿದೆ. ಮೇಲೆ ಹನಿಗಟ್ಟಿದ್ದರೆ ಅದು ಗೋದಾಮಿನ ಗಾಳಿಯದು. ಭಾಲ್ಕಿ, ಔರಾದಗಳ ಎರೆ ನೆಲದ ಗೋದಾಮುಗಳಲ್ಲಿ ಇದನ್ನು ಮಾಡಿನೋಡದೆ ಯಾರನ್ನೂ ಕರೆಸಬಾರದು. ಹಾಗೆಯೇ ಚೀಲಗಳನ್ನು ಮರದ ಹಲಗೆಗಳ ಮೇಲಿಟ್ಟು, ಗೋಡೆಯಿಂದ ಎರಡಡಿ ದೂರ ಬಿಟ್ಟರೆ ಗೋಡೆ ಹಸಿಯಾಗಿದ್ದರೂ ಕಾಳು ಉಳಿಯುತ್ತದೆ. ಜಾಗ ಕಡಿಮೆಯಾಗುವುದೆಂದು ಇದನ್ನು ಬಿಟ್ಟವರೇ ಹೆಚ್ಚು.

ಒಂದು ಲೆಕ್ಕ

ಭಾಲ್ಕಿಯಲ್ಲಿ 1,000 ಕ್ವಿಂಟಲ್ ತೊಗರಿ ಇರುವ ಒಂದು ಗೋದಾಮನ್ನು ಉದಾಹರಣೆಗಾಗಿ ಊಹಿಸಿಕೊಳ್ಳಬಹುದು. 2025–26ರ ಹಂಗಾಮಿನ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂ. ಪ್ರಕಾರ ದಾಸ್ತಾನಿನ ಮೌಲ್ಯ 80 ಲಕ್ಷ ರೂ. ಪ್ರತಿವರ್ಷ ಉತ್ತರದ ಗೋಡೆಯ ಬದಿಯ 50 ಕಿಲೋದ 60 ಚೀಲಗಳು, ಅಂದರೆ 30 ಕ್ವಿಂಟಲ್, ಹಸಿಯಾಗಿ 1,000 ರೂ. ಕಡಿಮೆ ದರಕ್ಕೆ ಹೋಗುತ್ತವೆ ಎಂದಿಟ್ಟುಕೊಂಡರೆ ನಷ್ಟ 30,000 ರೂ.; ಒಣಗಿಸುವ ಕೂಲಿ 5,000 ರೂ. ಸೇರಿ 35,000 ರೂ. ಮಾಲೀಕರು ಚಾವಣಿ ಸೋರುತ್ತಿದೆಯೆಂದು ನಂಬಿ ಹಿಂದಿನ ವರ್ಷ 90,000 ರೂ. ಖರ್ಚಿನಲ್ಲಿ ಚಾವಣಿಗೆ ಜಲನಿರೋಧಕ ಹಾಕಿಸಿದ್ದಾರೆ. ಈ ವರ್ಷವೂ 60 ಚೀಲ ಹೋಗಿವೆ.

ನವೆಂಬರಿನ ಒಂದು ಸಂಜೆ ಉಷ್ಣಚಿತ್ರಣ ಮಾಡಿಸಲು 12,000 ರೂ. ತಗಲುತ್ತದೆ ಎನ್ನೋಣ. ಚಿತ್ರದಲ್ಲಿ ಉತ್ತರ ಗೋಡೆಯ ಕೆಳಗಿನ ಮೂರಡಿ ಮಾತ್ರ ತಂಪು, ಮೇಲ್ಭಾಗ ಮತ್ತು ಚಾವಣಿ ಒಣ. ಹೊರಗಡೆ ಹೋಗಿ ನೋಡಿದರೆ ಅದೇ ಗೋಡೆಗುಂಟ ರಸ್ತೆ ಎತ್ತರವಾಗಿ ಮಳೆನೀರು ತಳಪಾಯಕ್ಕೆ ನಿಲ್ಲುತ್ತಿದೆ. ಚರಂಡಿ ತೋಡಿ, ಕೆಳಗಿನ ಮೂರಡಿ ಸಿಮೆಂಟ್ ಗಿಲಾವು ಕಿತ್ತು, ಗೋಡೆಯ ತೇವ ಮೇಲೇರದಂತೆ ತಡೆ ಹಾಕಿ, ಸುಣ್ಣದ ಗಾರೆ ಮಾಡಿಸಲು 60,000 ರೂ. ಒಟ್ಟು 72,000 ರೂ. ನಷ್ಟ ಪೂರ್ತಿ ನಿಂತರೆ ಎರಡು ವರ್ಷ ದಾಟುವಷ್ಟರಲ್ಲಿ, ಅರ್ಧ ಮಾತ್ರ ನಿಂತರೆ ನಾಲ್ಕು ವರ್ಷ ದಾಟುವಷ್ಟರಲ್ಲಿ ಹಣ ಹಿಂದಿರುಗುತ್ತದೆ. ಚಿತ್ರಣ ಮೊದಲೇ ಆಗಿದ್ದರೆ ಚಾವಣಿಗೆ ಹೋದ 90,000 ರೂ. ಉಳಿಯುತ್ತಿತ್ತು. ಈ ಸಾಧನದ ನಿಜವಾದ ಲಾಭ ಇಲ್ಲಿಯೇ ಇದೆ: ತಪ್ಪು ಜಾಗದಲ್ಲಿ ದುರಸ್ತಿ ಮಾಡಿಸುವುದನ್ನು ಅದು ತಪ್ಪಿಸುತ್ತದೆ.

ವಿದ್ಯುತ್ ಉಳಿತಾಯದ ವಿಷಯದಲ್ಲಿ ಲೆಕ್ಕ ಇಷ್ಟು ಆಕರ್ಷಕವಾಗಿಲ್ಲ ಎಂಬುದನ್ನೂ ಹೇಳಬೇಕು. ಶೀತಲ ಗೃಹದ ಗೋಡೆಯ ನಿರೋಧಕ ಪದರದಲ್ಲಿ ನೀರು ಸೇರಿದರೆ ಅದು ಶಾಖ ತಡೆಯುವ ಗುಣವನ್ನು ಕಳೆದುಕೊಳ್ಳುತ್ತದೆ, ಏಕೆಂದರೆ ನೀರು ನಿಶ್ಚಲ ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಶಾಖ ಸಾಗಿಸುತ್ತದೆ. 20 ಚದರ ಮೀಟರ್ ಗೋಡೆ ಹಸಿಯಾಗಿ ಅದರ ಶಾಖ ಸಾಗಣೆ ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿಗೆ 0.25 ವ್ಯಾಟಿನಿಂದ 0.60ಕ್ಕೆ ಏರಿತು, ಒಳಹೊರಗಿನ ಸರಾಸರಿ ವ್ಯತ್ಯಾಸ 25 ಡಿಗ್ರಿ ಎಂದುಕೊಂಡರೆ ಒಳನುಗ್ಗುವ ಹೆಚ್ಚುವರಿ ಶಾಖ 175 ವ್ಯಾಟ್. ಒಂದು ಪಾಲು ವಿದ್ಯುತ್ತಿಗೆ ಎರಡೂವರೆ ಪಾಲು ಶಾಖ ಹೊರಹಾಕುವ ಯಂತ್ರಕ್ಕೆ ಅದು 70 ವ್ಯಾಟ್ ಹೊರೆ. ವರ್ಷಕ್ಕೆ ಸುಮಾರು 613 ಯೂನಿಟ್. ಯೂನಿಟ್ಟಿಗೆ 8 ರೂ. ಹಿಡಿದರೆ 4,900 ರೂ. ಗೋಡೆ ಬದಲಿಸಲು ಇದೊಂದೇ ಕಾರಣ ಸಾಲದು. ಆದರೆ ಬಾಗಿಲಿನ ರಬ್ಬರ್ ಸವೆದು ಹೊರಗಾಳಿ ನುಗ್ಗುತ್ತಿರುವುದೂ ಅದೇ ಕ್ಯಾಮೆರಾದಲ್ಲಿ ಬಾಗಿಲಿನ ಸುತ್ತ ಬೆಚ್ಚನೆಯ ಗೆರೆಯಾಗಿ ಕಾಣುತ್ತದೆ. ಅದರ ದುರಸ್ತಿಗೆ ಕೆಲವೇ ಸಾವಿರ ಸಾಕು. ಬೇಳೆ ಗಿರಣಿಯ ಸ್ವಿಚ್ ಬೋರ್ಡಿನಲ್ಲಿ ಸಡಿಲಗೊಂಡು ಕಾಯುತ್ತಿರುವ ಸಂದುಗಳನ್ನೂ, ಹೊರೆ ಚಾಲ್ತಿಯಲ್ಲಿದ್ದಾಗ, ಅದೇ ಭೇಟಿಯಲ್ಲಿ ನೋಡಿಸಿಕೊಳ್ಳಬಹುದು. ಇಂಧನ ಸಂರಕ್ಷಣಾ ಕಾಯಿದೆ 2001ರ ಅಡಿಯಲ್ಲಿ 2007ರಲ್ಲಿ ಬಂದ ಕಟ್ಟಡ ಸಂಹಿತೆ ದೊಡ್ಡ ವಿದ್ಯುತ್ ಹೊರೆಯ ವಾಣಿಜ್ಯ ಕಟ್ಟಡಗಳಿಗಾಗಿ ರೂಪಿತವಾದದ್ದು. ಸಣ್ಣ ಗೋದಾಮಿನ ಮಾಲೀಕರಿಗೆ ಇದು ಕಡ್ಡಾಯದ ಮಾತಲ್ಲ, ಲೆಕ್ಕದ ಮಾತು.

ತೆರಿಗೆ ಮತ್ತು ಕರಾರು

ಪರೀಕ್ಷೆಯ ಶುಲ್ಕ ವ್ಯಾಪಾರದ ಸಾಮಾನ್ಯ ಖರ್ಚು. ಇದ್ದ ಗೋಡೆಯನ್ನು ಮೊದಲಿನ ಸ್ಥಿತಿಗೆ ತರುವ ದುರಸ್ತಿ ಆದಾಯ ತೆರಿಗೆಯಲ್ಲಿ ಆ ವರ್ಷದ ಖರ್ಚಾಗಿಯೇ ಕಳೆಯಲ್ಪಡುತ್ತದೆ. ಗೋಡೆ ಕೆಡವಿ ಹೊಸದು ಕಟ್ಟಿದರೆ ಅದು ಬಂಡವಾಳ, ಅದರ ಮೇಲೆ ಸವಕಳಿ ಮಾತ್ರ. ಜಿಎಸ್‌ಟಿಯಲ್ಲಿಯೂ ಈ ಭೇದಕ್ಕೆ ಬೆಲೆಯಿದೆ: ಕಟ್ಟಡದ ದುರಸ್ತಿಯನ್ನು ಬಂಡವಾಳವೆಂದು ಬರೆದಷ್ಟರ ಮಟ್ಟಿಗೆ ಹೂಡುವಳಿ ತೆರಿಗೆ ಜಮೆ ಸಿಗುವುದಿಲ್ಲ, ಖರ್ಚೆಂದು ಬರೆದುದಕ್ಕೆ ಸಿಗುತ್ತದೆ. ಆದರೆ ದೊಡ್ಡ ಚೀಲಗಳಲ್ಲಿ ತೆರಿಗೆಮುಕ್ತವಾಗಿ ಬೇಳೆಕಾಳು ಮಾರುವವರಿಗೆ ಆ ವಹಿವಾಟಿನ ಮಟ್ಟಿಗೆ ಜಮೆಯ ಪ್ರಶ್ನೆಯೇ ಹುಟ್ಟುವುದಿಲ್ಲ. ಅವರು ತೆರಿಗೆಯನ್ನೂ ಖರ್ಚಿನಲ್ಲಿ ಸೇರಿಸಿಯೇ ಲೆಕ್ಕ ಹಾಕಬೇಕು.

ಕ್ಯಾಮೆರಾವನ್ನೇ ಕೊಳ್ಳುವವರು ಗಮನಿಸಬೇಕಾದ ಅಂಶವೊಂದಿದೆ. 1962ರ ಆದಾಯ ತೆರಿಗೆ ನಿಯಮಗಳ ಸವಕಳಿ ಪಟ್ಟಿಯಲ್ಲಿ, ಇಂಧನ ಉಳಿತಾಯದ ಸಾಧನಗಳ ಸಾಲಿನಲ್ಲಿ, ಅವಕೆಂಪು ಉಷ್ಣಚಿತ್ರಣ ಸಾಧನವನ್ನು ಹೆಸರಿಸಿಯೇ ಸೇರಿಸಲಾಗಿತ್ತು. ಶೇ. 80 ಇದ್ದ ಆ ದರವನ್ನು 2017–18ನೇ ಆರ್ಥಿಕ ವರ್ಷದಿಂದ ಶೇ. 40ಕ್ಕೆ ಇಳಿಸಲಾಯಿತು. 2025ರ ಹೊಸ ಆದಾಯ ತೆರಿಗೆ ಕಾಯಿದೆಗೆ ಜಾರಿಯ ದಿನ 2026ರ ಏಪ್ರಿಲ್ 1 ಆಗಿರುವುದರಿಂದ ಆ ನಂತರದ ಖರೀದಿಗೆ ಹೊಸ ನಿಯಮಗಳ ದರವನ್ನು ನೋಡಿಕೊಳ್ಳಬೇಕು. ಸವಕಳಿಯ ಆಸೆಗೆ ಕೊಳ್ಳುವುದು ಮಾತ್ರ ಜಾಣತನವಲ್ಲ. ವರ್ಷಕ್ಕೊಂದು ಸಂಜೆಯ ಕೆಲಸಕ್ಕೆ ಬಾಡಿಗೆಯೇ ಲೇಸು. ಹೈದರಾಬಾದಿನಿಂದ ಪರೀಕ್ಷಕರನ್ನು ಕರೆಸಿದರೆ ಬಂದುಹೋಗುವ ವೆಚ್ಚವೇ ದೊಡ್ಡದು. ಒಂದೇ ಗಂಜಿನ ಐದಾರು ವರ್ತಕರು ಸೇರಿ ಒಂದೆರಡು ಸಂಜೆಗಳಲ್ಲಿ ಕೆಲಸ ಮುಗಿಸಿಕೊಂಡರೆ ತಲಾ ವೆಚ್ಚ ಬಹಳ ಇಳಿಯುತ್ತದೆ.

ಬಾಡಿಗೆ ಗೋದಾಮಿನಲ್ಲಿರುವವರ ಸ್ಥಿತಿ ಹೆಚ್ಚು ಸೂಕ್ಷ್ಮ. ಬಾಡಿಗೆಯನ್ನು ಮನೆ ಆಸ್ತಿಯ ಆದಾಯವೆಂದು ತೋರಿಸುವ ಕಟ್ಟಡದ ಒಡೆಯರಿಗೆ ಕಾನೂನು ಶೇ. 30ರ ನಿಗದಿತ ಕಡಿತ ಕೊಡುತ್ತದೆ. ಅವರು ಗೋಡೆಗೆ ಲಕ್ಷ ರೂಪಾಯಿ ಹಾಕಿದರೂ ಅಷ್ಟೇ, ಒಂದು ರೂಪಾಯಿ ಹಾಕದಿದ್ದರೂ ಅಷ್ಟೇ. ಒಡೆಯರು ದುರಸ್ತಿಗೆ ಮುಂದಾಗದಿರುವುದಕ್ಕೆ ಇದೂ ಒಂದು ಕಾರಣ. ದುರಸ್ತಿಯ ಹೊಣೆ ಹೊತ್ತಿರುವುದಾಗಿ ಬಾಡಿಗೆ ಕರಾರಿನಲ್ಲಿ ಬರೆದಿದ್ದರೆ ಬಾಡಿಗೆದಾರರು ಆ ಖರ್ಚನ್ನು ತಮ್ಮ ವ್ಯಾಪಾರದ ಲೆಕ್ಕದಲ್ಲಿ ಕಳೆದುಕೊಳ್ಳಬಹುದು. ಆದ್ದರಿಂದ ಕರಾರು ನವೀಕರಿಸುವಾಗ ದುರಸ್ತಿ ಯಾರದು, ಅದಕ್ಕೆ ಪ್ರತಿಯಾಗಿ ಬಾಡಿಗೆಯಲ್ಲಿ ಎಷ್ಟು ಕಡಿತ ಎಂಬುದನ್ನು ಬರೆಸಿ, ಉಷ್ಣಚಿತ್ರಣದ ವರದಿಯನ್ನು ಅದಕ್ಕೆ ಲಗತ್ತಿಸುವುದು ಒಳ್ಳೆಯದು.

ವರದಿ ಹೇಗಿರಬೇಕೆಂಬುದನ್ನು ಕೆಲಸ ಒಪ್ಪಿಸುವ ಮುನ್ನವೇ ಬರವಣಿಗೆಯಲ್ಲಿ ಕೊಡಬೇಕು. ಪ್ರತಿ ಉಷ್ಣಚಿತ್ರದ ಪಕ್ಕದಲ್ಲಿ ಅದೇ ಜಾಗದ ಸಾಮಾನ್ಯ ಛಾಯಾಚಿತ್ರ, ದಿನಾಂಕ, ಗಂಟೆ, ಒಳಗಿನ ಮತ್ತು ಹೊರಗಿನ ಉಷ್ಣಾಂಶ, ಆರ್ದ್ರತೆ, ಕೊನೆಯ ಮಳೆ ಬಿದ್ದ ದಿನ, ಕ್ಯಾಮೆರಾ ನಿಂತ ಜಾಗ ಮತ್ತು ದೂರ, ತೇವಮಾಪಕದ ಅಂಕಿ ಇವೆಲ್ಲ ಇರಬೇಕು. ಪರೀಕ್ಷಕರಿಗೆ ಉಷ್ಣಚಿತ್ರಣದ ಯಾವ ಹಂತದ ತರಬೇತಿ ಪ್ರಮಾಣಪತ್ರ ಇದೆಯೆಂಬುದನ್ನೂ ಕೇಳಬಹುದು.

ದುರಸ್ತಿಯಾದ ಮೇಲೆ ಗೋಡೆ ಆ ತಿಂಗಳೇ ಒಣಗುವುದಿಲ್ಲ. ಒಂದು ಅಂಗುಲ ದಪ್ಪಕ್ಕೆ ಒಂದು ತಿಂಗಳು ಎಂಬುದು ಹಳೆಯ ಸ್ಥೂಲ ಲೆಕ್ಕ. ಒಂದೂವರೆ ಅಡಿ ದಪ್ಪದ ಜಂಬಿಟ್ಟಿಗೆ ಗೋಡೆಗೆ ಒಂದು ಬೇಸಿಗೆ ಪೂರ್ತಿ ಬೇಕಾದೀತು, ಮುಂದಿನ ಮಳೆಗಾಲವೂ ಹಿಡಿದೀತು. ಅಷ್ಟರವರೆಗೆ ಎಣ್ಣೆ ಬಣ್ಣ ಬಳಿಯಬಾರದು, ಸುಣ್ಣ ಸಾಕು. ಗುತ್ತಿಗೆದಾರರ ಬಿಲ್ಲಿನಲ್ಲಿ ಶೇ. 10ರಷ್ಟನ್ನು ಹಿಡಿದಿಟ್ಟುಕೊಂಡು, ಮರುವರ್ಷದ ನವೆಂಬರಿನಲ್ಲಿ ಅದೇ ಗಂಟೆಗೆ, ಅದೇ ಜಾಗದಲ್ಲಿ ನಿಂತು, ಅದೇ ಅಳತೆಪಟ್ಟಿಯಲ್ಲಿ ತೆಗೆದ ಎರಡನೆಯ ಚಿತ್ರವನ್ನು ಮೊದಲನೆಯದರ ಪಕ್ಕಕ್ಕಿಟ್ಟು ನೋಡಿದ ನಂತರ ಆ ಬಾಕಿಯನ್ನು ಚುಕ್ತಾ ಮಾಡಬಹುದು.